ಪದವಿ ವಿದ್ಯಾರ್ಥಿಯ ಸಂಶೋಧನಾ ಪ್ರಾಜೆಕ್ಟ್: ಪ್ರಶ್ನೆ ಹುಡುಕುವಲ್ಲಿಂದ ವರದಿ ಒಪ್ಪಿಸುವವರೆಗೆ

ಕೋಲಾರ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುವ ನನ್ನ ಬಳಿಗೆ ಪ್ರತಿ ವರ್ಷವೂ ಕೊನೆಯ ಸೆಮಿಸ್ಟರಿನ ಆರಂಭದಲ್ಲಿ ವಿದ್ಯಾರ್ಥಿಗಳು ಪ್ರಾಜೆಕ್ಟಿನ ಶೀರ್ಷಿಕೆಗಳನ್ನು ಬರೆದುಕೊಂಡು ಬರುತ್ತಾರೆ. ‘ಕೋಲಾರ ಜಿಲ್ಲೆಯ ರೈತರ ಸಮಸ್ಯೆಗಳು: ಒಂದು ಅಧ್ಯಯನ’, ‘ಜಲಮಾಲಿನ್ಯ ಮತ್ತು ಪರಿಹಾರೋಪಾಯಗಳು’, ‘ಮಹಿಳಾ ಸಬಲೀಕರಣದಲ್ಲಿ ಸ್ವಸಹಾಯ ಸಂಘಗಳ ಪಾತ್ರ’ ಎಂಬಂಥ ಈ ಶೀರ್ಷಿಕೆಗಳಲ್ಲಿ ಮೇಲ್ನೋಟಕ್ಕೆ ತಪ್ಪೇನೂ ಕಾಣುವುದಿಲ್ಲ, ಆದರೆ ಒಂದೊಂದೂ ಒಂದು ಇಡೀ ಇಲಾಖೆ ಹಲವು ವರ್ಷ ಕುಳಿತು ಮಾಡಬೇಕಾದಷ್ಟು ಕೆಲಸ. ಹದಿನಾರು ವಾರಗಳ ಸೆಮಿಸ್ಟರಿನ ನಡುವೆ ಕಿರುಪರೀಕ್ಷೆ, ವಾರ್ಷಿಕೋತ್ಸವ, ಊರ ಜಾತ್ರೆ ಎಲ್ಲವೂ ಬಂದು ಹೋಗಿ, ವರದಿ ಒಪ್ಪಿಸಲು ಎರಡು ವಾರ ಉಳಿದಾಗ, ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಸಿಕ್ಕ ಹಿಂದಿನ ವರ್ಷದ ವರದಿಯ ಮೇಲೆ ಹೆಸರು ಮತ್ತು ನೋಂದಣಿ ಸಂಖ್ಯೆ ಮಾತ್ರ ಬದಲಾಗುತ್ತವೆ. ಇದನ್ನು ಸೋಮಾರಿತನವೆಂದು ಬೈಯುವ ಸಹೋದ್ಯೋಗಿಗಳಿದ್ದಾರೆ. ನನಗೆ ಕಂಡಂತೆ ಬಹುಪಾಲು ಸಂದರ್ಭಗಳಲ್ಲಿ ದೋಷ ಮೊದಲ ವಾರದಲ್ಲೇ ಆಗಿರುತ್ತದೆ: ವಿದ್ಯಾರ್ಥಿ ತನ್ನ ಕೈಗೆ, ಕಾಲಿಗೆ, ಕಾಲಾವಧಿಗೆ ಎಟುಕುವ ಅಳತೆಗೆ ಪ್ರಶ್ನೆಯನ್ನು ಕತ್ತರಿಸಿಕೊಂಡಿರುವುದಿಲ್ಲ, ಹಾಗೆ ಕತ್ತರಿಸಿಕೊಡಬೇಕೆಂದು ಗೈಡ್ ಆದವರಿಗೂ ತೋಚಿರುವುದಿಲ್ಲ.

2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ನಮ್ಮ ರಾಜ್ಯಕ್ಕೆ ಬಂದಾಗ ಪದವಿ ಹಂತದ ಸಂಶೋಧನೆಯ ಬಗ್ಗೆ ದೊಡ್ಡ ಮಾತುಗಳು ಕೇಳಿಬಂದವು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಪಠ್ಯಕ್ರಮ ಹೇಗೇ ಇರಲಿ, ಪ್ರಾಜೆಕ್ಟ್ ಮಾಡಬೇಕಾದ ವಿದ್ಯಾರ್ಥಿಗಳು ಇದ್ದೇ ಇದ್ದಾರೆ. ವಾಣಿಜ್ಯ, ಕಲೆ, ವಿಜ್ಞಾನ, ಕಂಪ್ಯೂಟರ್ ಎಂಬ ಭೇದವಿಲ್ಲದೆ ಅವರಿಗೆ ಉಪಯೋಗವಾಗಲೆಂದು ಈ ಟಿಪ್ಪಣಿ.

ವಿಷಯವನ್ನು ಪ್ರಶ್ನೆಯಾಗಿಸುವುದು

ಮೊದಲ ಮೂರು ವಾರಗಳನ್ನು ಪೂರ್ತಿಯಾಗಿ ಪ್ರಶ್ನೆಗೆ ಕೊಡಿ. ಮೂರು ವಾರ ದೀರ್ಘವೆನಿಸಬಹುದು. ಆದರೆ ಇಲ್ಲಿ ಉಳಿಸಿದ ಒಂದು ವಾರಕ್ಕೆ ಕೊನೆಯಲ್ಲಿ ಮೂರು ವಾರ ತೆರಬೇಕಾಗುತ್ತದೆ. ಉಳಿದ ಹದಿಮೂರು ವಾರಗಳಲ್ಲಿ ಒಂದು ವಾರ ಪರೀಕ್ಷಾರ್ಥ ಸಮೀಕ್ಷೆಗೆ, ಆರು ವಾರ ಮಾಹಿತಿ ಸಂಗ್ರಹಕ್ಕೆ, ಮೂರು ವಾರ ವಿಶ್ಲೇಷಣೆಗೆ, ಮೂರು ವಾರ ಬರವಣಿಗೆಗೆ ಸಾಕಾಗುತ್ತದೆ.

ಟೊಮೆಟೊವನ್ನೇ ತೆಗೆದುಕೊಳ್ಳೋಣ. ಕೋಲಾರದ ಎಪಿಎಂಸಿ ಪ್ರಾಂಗಣ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. 2023ರ ಜುಲೈನಲ್ಲಿ 15 ಕೆ.ಜಿ.ಯ ಬಾಕ್ಸ್ ಒಂದಕ್ಕೆ 2,000 ರೂಪಾಯಿ ದಾಟಿದ್ದನ್ನೂ, ಬೇರೆ ಸಮಯದಲ್ಲಿ ಅದೇ ಹಣ್ಣನ್ನು ಬೆಲೆಯಿಲ್ಲದೆ ರಸ್ತೆ ಬದಿಗೆ ಸುರಿದದ್ದನ್ನೂ ಈ ಭಾಗದವರು ಕಂಡಿದ್ದಾರೆ. ‘ಟೊಮೆಟೊ ಬೆಳೆಗಾರರ ಸಮಸ್ಯೆಗಳು’ ಎಂಬುದು ವಿಷಯ. ಅದಕ್ಕೆ ಎಲ್ಲಿ, ಯಾರದು, ಯಾವ ಅವಧಿಯದು, ಯಾವುದಕ್ಕೆ ಹೋಲಿಸಿದಾಗ ಎಂಬ ನಾಲ್ಕು ಮಾತುಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋದರೆ ಅದು ಕಿರಿದಾಗುತ್ತದೆ. ‘ಕೋಲಾರ ಮಾರುಕಟ್ಟೆಯಲ್ಲಿ ಫೆಬ್ರವರಿ ತಿಂಗಳಲ್ಲಿ ಹರಾಜಿನ ಮೊದಲ ಗಂಟೆಯಲ್ಲಿ ಮಾರಾಟವಾದ ಬಾಕ್ಸಿಗೂ ಕೊನೆಯ ಗಂಟೆಯಲ್ಲಿ ಮಾರಾಟವಾದ ಅದೇ ದರ್ಜೆಯ ಬಾಕ್ಸಿಗೂ ಬೆಲೆಯಲ್ಲಿ ವ್ಯತ್ಯಾಸವಿದೆಯೇ?’ ಎಂಬುದು ಪ್ರಶ್ನೆ. ಇದಕ್ಕೆ ಬಿ.ಕಾಂ. ವಿದ್ಯಾರ್ಥಿಯೊಬ್ಬ ಇಪ್ಪತ್ತು ದಿನ ಮಂಡಿಯಲ್ಲಿ ನಿಂತು, ಒಂದು ನೋಟುಪುಸ್ತಕ ಹಿಡಿದು ಉತ್ತರ ತರಬಲ್ಲ. ಉತ್ತರ ‘ಇದೆ’ ಎಂದು ಬಂದರೆ ದೂರದ ಹಳ್ಳಿಯಿಂದ ತಡವಾಗಿ ಬರುವ ರೈತನಿಗೆ ಎಷ್ಟು ನಷ್ಟವಾಗುತ್ತಿದೆ ಎಂದು ಲೆಕ್ಕ ಹಾಕಬಹುದು. ‘ಇಲ್ಲ’ ಎಂದು ಬಂದರೆ ಅದೂ ತಿಳಿಯಬೇಕಾದ ಸಂಗತಿಯೇ.

ಹೀಗೆ ‘ಇಲ್ಲ’ ಎಂಬ ಉತ್ತರ ಬರಲು ಅವಕಾಶವಿಲ್ಲದ ಪ್ರಶ್ನೆಗಳನ್ನು ಕೈಬಿಡಬೇಕು. ‘ಕೆರೆಗಳ ಮಹತ್ವ’ವನ್ನು ಅಧ್ಯಯನ ಮಾಡಿ ಕೆರೆಗಳಿಗೆ ಮಹತ್ವವಿಲ್ಲವೆಂದು ಯಾರೂ ಬರೆಯುವುದಿಲ್ಲವಾದ್ದರಿಂದ ಅದು ಪ್ರಬಂಧ ಸ್ಪರ್ಧೆಗೆ ಹೊಂದುವ ವಿಷಯ. ಎರಡನೆಯದಾಗಿ, ಸಾಕ್ಷ್ಯವಿರುವ ಜಾಗಕ್ಕೆ ನೀವು ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆಯೊಳಗೆ ಮರಳುವಂತಿರಬೇಕು. ಮುಳಬಾಗಿಲಿನ ವಿದ್ಯಾರ್ಥಿನಿ ಪಾವಗಡದ ಸೌರ ಪಾರ್ಕಿನ ಬಗ್ಗೆ ಬರೆಯಲು ಹೊರಟರೆ ಅಂತರ್ಜಾಲದಿಂದ ಇಳಿಸಿಕೊಂಡದ್ದನ್ನಷ್ಟೇ ಬರೆಯಲು ಸಾಧ್ಯ. ಅದೇ ಪಾರ್ಕು ಮಧುಗಿರಿ ಅಥವಾ ಪಾವಗಡದ ವಿದ್ಯಾರ್ಥಿಗೆ ದೊಡ್ಡ ಅವಕಾಶ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಆ ಪಾರ್ಕಿಗೆ ಜಮೀನನ್ನು ರೈತರಿಂದ ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆಯಲಾಯಿತು. ಜಮೀನಿದ್ದವರಿಗೆ ಗುತ್ತಿಗೆ ಹಣ ಬರುತ್ತದೆ. ಆ ಜಮೀನುಗಳಲ್ಲಿ ಕೂಲಿ ಮಾಡುತ್ತಿದ್ದ, ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದ ಮನೆಗಳವರು ಈಗ ಏನು ಮಾಡುತ್ತಿದ್ದಾರೆ ಎಂದು ಒಂದೇ ಊರಿನ ಐವತ್ತು ಮನೆಗಳಲ್ಲಿ ಕೇಳಿ ಬಂದರೂ ಸಮಾಜಶಾಸ್ತ್ರದ ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ.

ಪ್ರಶ್ನೆ ಸಿದ್ಧವಾಯಿತೇ ಎಂದು ತಿಳಿಯಲು ನಾನು ಒಂದು ಸರಳ ಪರೀಕ್ಷೆ ಬಳಸುತ್ತೇನೆ. ಮಾಹಿತಿ ಸಂಗ್ರಹಿಸುವ ಮೊದಲೇ ವರದಿಯ ಮುಖ್ಯ ಕೋಷ್ಟಕವನ್ನು ಖಾಲಿಯಾಗಿ ಗೆರೆ ಎಳೆದು ತರಲು ಹೇಳುತ್ತೇನೆ: ಅಡ್ಡಸಾಲಿನಲ್ಲಿ ಏನು, ಕಂಬಸಾಲಿನಲ್ಲಿ ಏನು, ಚೌಕಗಳಲ್ಲಿ ಯಾವ ಅಂಕಿ ಬರುತ್ತದೆ. ಗೆರೆ ಎಳೆಯಲು ಬರದಿದ್ದರೆ ಪ್ರಶ್ನೆ ಇನ್ನೂ ಹಸಿಯಾಗಿದೆ ಎಂದರ್ಥ.

ಒಂದೇ ಕೆರೆ, ಆರು ವಿಭಾಗ

ವಿಷಯವೇ ಸಿಗುತ್ತಿಲ್ಲ ಎನ್ನುವವರನ್ನು ನಾನು ಅವರ ಊರಿನ ಕೆರೆಯ ಏರಿಯ ಮೇಲೆ ಒಂದು ಸಂಜೆ ಕಳೆದು ಬರಲು ಕಳುಹಿಸುತ್ತೇನೆ. ವರ್ಷವಿಡೀ ಹರಿಯುವ ನದಿಯಿಲ್ಲದ, ಸಾವಿರಾರು ಕೆರೆಗಳನ್ನೇ ನೆಚ್ಚಿಕೊಂಡ ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಕೆರೆಯಿಲ್ಲದ ಊರು ಹುಡುಕುವುದೇ ಕಷ್ಟ. 2018ರಿಂದ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ, ಎಚ್.ಎನ್. ವ್ಯಾಲಿಯ ನೀರು ಚಿಕ್ಕಬಳ್ಳಾಪುರದ ಕಡೆಗೆ ಬಂದಿದೆ. ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರು ಎಂಬ ಕಾರಣಕ್ಕೆ ನ್ಯಾಯಾಲಯದ ಮೆಟ್ಟಿಲೇರಿದ ವಿವಾದವಿದು. ಪದವಿ ವಿದ್ಯಾರ್ಥಿ ಆ ವಿವಾದವನ್ನು ಬಗೆಹರಿಸಬೇಕಾಗಿಲ್ಲ. ತನ್ನೂರ ಕೆರೆಯಲ್ಲಿ ಏನಾಗಿದೆ ಎಂದು ತನ್ನ ವಿಭಾಗದ ಉಪಕರಣದಿಂದ ಅಳೆದು ಹೇಳಿದರೆ ಸಾಕು.

ರಸಾಯನಶಾಸ್ತ್ರದವರು ಅಚ್ಚುಕಟ್ಟಿನ ಎಂಟು ಹತ್ತು ಕೊಳವೆಬಾವಿಗಳ ನೀರನ್ನು ಪರೀಕ್ಷಿಸಬಹುದು. ಈ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಲೀಟರಿಗೆ 1.0 ಮಿಲಿಗ್ರಾಂ ಒಪ್ಪಬಹುದಾದ ಮಿತಿಯೆಂದೂ, ಬೇರೆ ಜಲಮೂಲವಿಲ್ಲದಿದ್ದಾಗ 1.5 ಮಿಲಿಗ್ರಾಂ ಗರಿಷ್ಠವೆಂದೂ ನಿಗದಿ ಮಾಡಿದೆ. ಪರೀಕ್ಷೆಗಿಂತ ಹೆಚ್ಚು ತಪ್ಪುಗಳು ನೀರು ಹಿಡಿಯುವಾಗಲೇ ಆಗುತ್ತವೆ. ಪೈಪಿನಲ್ಲಿ ನಿಂತ ನೀರು ಹೋಗುವಂತೆ ಮೋಟಾರನ್ನು ಐದು ಹತ್ತು ನಿಮಿಷ ಓಡಿಸಿ, ಅದೇ ನೀರಿನಿಂದ ಸೀಸೆಯನ್ನು ಎರಡು ಮೂರು ಸಲ ತೊಳೆದು, ಅಂಚಿನವರೆಗೆ ತುಂಬಿಸಿ, ಸ್ಥಳ, ದಿನಾಂಕ, ಸಮಯ, ಬಾವಿಯ ಆಳ ಬರೆದ ಚೀಟಿಯನ್ನು ಅಲ್ಲೇ ಅಂಟಿಸಬೇಕು. ಫ್ಲೋರೈಡಿಗೆ ಪಾಲಿಥೀನ್ ಸೀಸೆಯೇ ಆಗಬೇಕು, ಏಕೆಂದರೆ ಫ್ಲೋರೈಡ್ ಗಾಜಿನೊಡನೆ ವರ್ತಿಸುತ್ತದೆ. ಒಮ್ಮೆ ನಮ್ಮ ವಿದ್ಯಾರ್ಥಿಗಳು ಆರು ಹಳ್ಳಿ ಸುತ್ತಿ ತಂದ ನೀರೆಲ್ಲ ತೊಳೆದ ತಂಪುಪಾನೀಯದ ಗಾಜಿನ ಬಾಟಲಿಗಳಲ್ಲಿತ್ತು. ಅದನ್ನು ಚೆಲ್ಲಿ ಮತ್ತೆ ಹೋಗಿ ಬನ್ನಿ ಎಂದು ಹೇಳುವುದು ಅವರಿಗಿಂತ ನಮಗೇ ಕಷ್ಟವಾಯಿತು.

ಭೂಗೋಳದ ವಿದ್ಯಾರ್ಥಿಗೆ ನೀರನ್ನು ಮುಟ್ಟುವ ಅಗತ್ಯವೂ ಇಲ್ಲ. 2015ರಿಂದ ದೊರೆಯುವ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಉಚಿತವಾಗಿವೆ, ಅವುಗಳಲ್ಲಿ ಒಂದು ಚುಕ್ಕೆ ನೆಲದ ಮೇಲಿನ 10 ಮೀಟರಿಗೆ ಸಮ. ನೀರು ಹಸಿರು ಬೆಳಕನ್ನು ತುಸು ಪ್ರತಿಫಲಿಸಿ ಸಮೀಪ ಅವಕೆಂಪು ಕಿರಣವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹೀರಿಕೊಳ್ಳುವುದರಿಂದ ಈ ಎರಡರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ನೀರಿರುವ ಜಾಗ ಬೇರೆಯಾಗಿ ಕಾಣುತ್ತದೆ. 2018ಕ್ಕೆ ಹಿಂದಿನ ಮತ್ತು ಅನಂತರದ ವರ್ಷಗಳ ಏಪ್ರಿಲ್ ತಿಂಗಳಿನ ಚಿತ್ರಗಳನ್ನು ಹೋಲಿಸಿ ಕೆರೆಯ ಹರವು ಎಷ್ಟು ಎಕರೆ ಹಿಗ್ಗಿದೆ ಎಂದು ಹೇಳಬಹುದು. ಕೆರೆಯ ಮೇಲೆ ಜೊಂಡು ಅಥವಾ ಅಂತರಗಂಗೆ ಹಬ್ಬಿದ್ದರೆ ಉಪಗ್ರಹ ಅದನ್ನು ನೀರೆಂದು ಎಣಿಸುವುದಿಲ್ಲವಾದ್ದರಿಂದ ಒಮ್ಮೆಯಾದರೂ ಏರಿಯ ಮೇಲೆ ಹೋಗಿ ನೋಡಿ ಬರಬೇಕು.

ಪ್ರಾಣಿಶಾಸ್ತ್ರದವರು ಅದೇ ಕೆರೆಯಲ್ಲಿ ಒಂದೇ ಜಾಗದಲ್ಲಿ ನಿಂತು, ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ಹಕ್ಕಿಗಳನ್ನು ಎಣಿಸಲಿ. ಹೊತ್ತು ಬದಲಾದರೆ ಎಣಿಕೆಯನ್ನು ಹೋಲಿಸಲಾಗದು. ಅರ್ಥಶಾಸ್ತ್ರದವರಿಗೆ ಕೊಳವೆಬಾವಿಯ ಆಳ, ಮರು ಕೊರೆಸಿದ ಖರ್ಚು, ಬದಲಾದ ಬೆಳೆ ಇವೆ.

ಇತಿಹಾಸದವರಿಗೆ ಕೆರೆಯ ಏರಿ, ತೂಬು, ಕೋಡಿಗಳ ಬಳಿ ನಿಂತಿರುವ ಶಾಸನಗಳೂ ವೀರಗಲ್ಲುಗಳೂ ಕಾದಿವೆ, ಮತ್ತು ಈ ವಿಭಾಗದ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತವಿದೆ ಎಂದು ಒಪ್ಪಿಕೊಳ್ಳುತ್ತೇನೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 10ನೆಯ ಸಂಪುಟ ಕೋಲಾರ ಜಿಲ್ಲೆಯದು, 1905ರಲ್ಲಿ ಹೊರಬಂದದ್ದು. ತುಮಕೂರು ಜಿಲ್ಲೆಯದು 12ನೆಯ ಸಂಪುಟ, 1904ರದು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ, ಹಾಗಾಗಿ ಅಲ್ಲಿಯ ತಾಲ್ಲೂಕುಗಳ ಶಾಸನಗಳನ್ನೂ ಕೋಲಾರದ ಸಂಪುಟದಲ್ಲೇ ಹುಡುಕಬೇಕು. ತಾಲ್ಲೂಕುವಾರು ಸಂಖ್ಯೆ ಕೊಟ್ಟು, ಯಾವ ಊರಿನಲ್ಲಿ ಯಾವ ಜಾಗದಲ್ಲಿ ಕಲ್ಲು ಇತ್ತೆಂದು ಅಲ್ಲಿ ದಾಖಲಿಸಲಾಗಿದೆ. ನಿಮ್ಮ ಹೋಬಳಿಯ ಶಾಸನಗಳ ಪಟ್ಟಿ ಮಾಡಿಕೊಂಡು ಊರೂರಿಗೆ ಹೋಗಿ, ನೂರಿಪ್ಪತ್ತು ವರ್ಷಗಳ ಬಳಿಕ ಯಾವುದು ನಿಂತಿದೆ, ಯಾವುದು ಬಟ್ಟೆ ಒಗೆಯುವ ಕಲ್ಲಾಗಿದೆ, ಯಾವುದು ದೇವಸ್ಥಾನದ ಜೀರ್ಣೋದ್ಧಾರದಲ್ಲಿ ಗ್ರಾನೈಟಿನ ಕೆಳಗೆ ಸೇರಿದೆ, ಯಾವುದು ಕಾಣೆಯಾಗಿದೆ ಎಂದು ಪಟ್ಟಿ ಮಾಡಿದರೆ ಅಂಥ ವರದಿಯನ್ನು ಪ್ರಾಧ್ಯಾಪಕರೂ ಎತ್ತಿಟ್ಟುಕೊಳ್ಳುತ್ತಾರೆ. ಅಕ್ಷರ ಕಾಣಲೆಂದು ಕಲ್ಲಿಗೆ ಸುಣ್ಣ, ಬಣ್ಣ ಬಳಿಯಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಚಿತ್ರ ತೆಗೆದರೆ ಅಕ್ಷರಗಳು ತಾವೇ ಎದ್ದು ಕಾಣುತ್ತವೆ.

ಕನ್ನಡ ವಿಭಾಗದವರು ಕೆರೆಯ ಶಬ್ದಗಳನ್ನು ಕೂಡಿಸಬಹುದು: ತೂಬು ಎತ್ತಿ ನೀರು ಹಂಚುತ್ತಿದ್ದ ನೀರಗಂಟಿಯ ಮನೆತನದ ಹಿರಿಯರು ಇನ್ನೂ ಕೆಲವು ಊರುಗಳಲ್ಲಿದ್ದಾರೆ. ಊರ ಹೆಸರುಗಳೂ ಅಷ್ಟೇ ಸಮೃದ್ಧ. ಜನಗಣತಿಯ ಗ್ರಾಮಪಟ್ಟಿಯನ್ನು ಮುಂದಿಟ್ಟುಕೊಂಡು ‘ಹಳ್ಳಿ’ ಎಂದು ಮುಗಿಯುವ ಊರುಗಳನ್ನೂ ‘ಪಲ್ಲಿ’ ಎಂದು ಮುಗಿಯುವ ಊರುಗಳನ್ನೂ ನಕ್ಷೆಯ ಮೇಲೆ ಎರಡು ಬಣ್ಣಗಳಲ್ಲಿ ಗುರುತಿಸಿದರೆ ಕನ್ನಡ ಮತ್ತು ತೆಲುಗು ಹೊಕ್ಕುಬಳಕೆಯ ಒಂದು ಚಿತ್ರ ಸಿಗುತ್ತದೆ. ‘ಸಮುದ್ರ’, ‘ಸಂದ್ರ’ ಎಂದು ಮುಗಿಯುವ ಊರುಗಳಲ್ಲಿ ದೊಡ್ಡ ಕೆರೆ ನಿಜವಾಗಿಯೂ ಇದೆಯೇ ಎಂದು ಸ್ಥಳಕ್ಕೆ ಹೋಗಿ ಪರಿಶೀಲಿಸಬಹುದು.

ಕೆರೆಗೆ ಸಂಬಂಧವಿಲ್ಲದ ಕಂಪ್ಯೂಟರ್ ವಿಜ್ಞಾನದವರ ಬಗ್ಗೆ ಒಂದು ಮಾತು ಬೇರೆಯಾಗಿ ಹೇಳಬೇಕು, ಏಕೆಂದರೆ ಪ್ರತಿ ವರ್ಷವೂ ಯಾರಾದರೊಬ್ಬರು ಟೊಮೆಟೊ ಎಲೆಯ ರೋಗವನ್ನು ಮೊಬೈಲ್ ಚಿತ್ರದಿಂದ ಗುರುತಿಸುವ ತಂತ್ರಾಂಶ ಮಾಡಿ ಶೇ. 99 ನಿಖರತೆ ಎಂದು ತೋರಿಸುತ್ತಾರೆ. ಅವರೆಲ್ಲ ಬಳಸುವುದು ಪ್ಲಾಂಟ್‌ವಿಲೇಜ್ ಎಂಬ 54,306 ಚಿತ್ರಗಳ ಸಂಗ್ರಹ. ಅದರಲ್ಲಿ ಎಲೆಗಳನ್ನು ಕಿತ್ತು ಒಂದೇ ಬಗೆಯ ಹಿನ್ನೆಲೆಯ ಮೇಲಿಟ್ಟು ಚಿತ್ರ ತೆಗೆಯಲಾಗಿದೆ. ಆ ಸಂಗ್ರಹದ ಮೇಲೆ ಕೆಲಸ ಮಾಡಿ 2016ರಲ್ಲಿ ಪ್ರಕಟಿಸಿದವರೇ ಶೇ. 99.35ರ ನಿಖರತೆ ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳ ಮೇಲೆ ಸುಮಾರು ಶೇ. 31ಕ್ಕೆ ಇಳಿಯಿತೆಂದು ಪ್ರಾಮಾಣಿಕವಾಗಿ ಬರೆದಿದ್ದಾರೆ. ಆದ್ದರಿಂದ ನೀವು ಮಾಡಬೇಕಾದ ಕೆಲಸ ಮತ್ತೊಂದು ತಂತ್ರಾಂಶ ಕಟ್ಟುವುದಕ್ಕಿಂತ, ನಿಮ್ಮ ಊರಿನ ತೋಟಗಳಲ್ಲಿ ಎಲೆ ಮುರುಟು ರೋಗ, ಅಂಗಮಾರಿ ತಗುಲಿದ ಗಿಡಗಳ ಇನ್ನೂರು ಮುನ್ನೂರು ಚಿತ್ರಗಳನ್ನು ಮಣ್ಣು, ನೆರಳು, ಔಷಧಿಯ ಕಲೆ ಸಮೇತ ತೆಗೆದು, ತೋಟಗಾರಿಕೆ ತಜ್ಞರಿಂದ ರೋಗವನ್ನು ಖಚಿತಪಡಿಸಿಕೊಂಡು, ಇರುವ ತಂತ್ರಾಂಶ ಅವುಗಳ ಮೇಲೆ ಎಷ್ಟು ಎಡವುತ್ತದೆ ಎಂದು ಅಳೆಯುವುದು.

ಹಿಂದಿನವರ ಕೆಲಸ

ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ, ಮಾರುಕಟ್ಟೆ ಧಾರಣೆ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ದಿನವಾರು ಸಿಗುತ್ತದೆ, ಮಳೆಯ ಅಂಕಿಅಂಶಕ್ಕೆ ಯಲಹಂಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. ಎಂಟು ಹತ್ತು ಬರಹಗಳನ್ನು ಪೂರ್ತಿ ಓದಿದರೆ ಸಾಕು. ಪ್ರತಿಯೊಂದರ ಬಗ್ಗೆಯೂ ಅವರು ಏನನ್ನು ಕೇಳಿದರು, ಹೇಗೆ ಅಳೆದರು, ಏನು ಕಂಡರು ಎಂದು ಮೂರು ಸಾಲು ನಿಮ್ಮ ಮಾತಿನಲ್ಲಿ ಬರೆದಿಡಿ. ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್ ಕೊಡುವ ಆಕರಗಳ ಪಟ್ಟಿಯನ್ನು ಒಂದೊಂದಾಗಿ ತೆರೆದು ನೋಡದೆ ಸೇರಿಸಬೇಡಿ. ಇಲ್ಲದ ಲೇಖನಕ್ಕೆ ಇರುವ ಲೇಖಕರ ಹೆಸರನ್ನು ಅಂಟಿಸಿ ಕೊಡುವ ಅಭ್ಯಾಸ ಅದಕ್ಕಿದೆ.

ಜನರ ಬಳಿಗೆ ಹೋಗುವಾಗ

ನಾನು ವಿದ್ಯಾರ್ಥಿಯಾಗಿದ್ದಾಗ ಶಿಡ್ಲಘಟ್ಟದಲ್ಲಿ ರೇಷ್ಮೆ ಬೆಳೆಗಾರರು ಮತ್ತು ಗೂಡಿನಿಂದ ನೂಲು ತೆಗೆಯುವ ರೀಲರುಗಳ ಸಮೀಕ್ಷೆಗೆ ಹೋಗಿದ್ದೆ. ನನ್ನ ಪ್ರಶ್ನಾವಳಿ ಇಂಗ್ಲಿಷಿನಲ್ಲಿತ್ತು. ಕೇಳಬೇಕಾದವರಲ್ಲಿ ಕೆಲವರು ಮನೆಯಲ್ಲಿ ತೆಲುಗು, ಕೆಲವರು ಉರ್ದು ಮಾತನಾಡುವವರು. ಪ್ರತಿ ಮನೆಯಲ್ಲೂ ನಿಂತಲ್ಲೇ ಅನುವಾದ ಮಾಡಿಕೊಂಡು ಕೇಳುತ್ತಾ ಹೋದೆ. ನಲವತ್ತು ಮನೆ ಮುಗಿದ ಮೇಲೆ ನೋಡಿದರೆ, ಒಂದೇ ಪ್ರಶ್ನೆಯನ್ನು ನಾನು ನಾಲ್ಕೈದು ಬಗೆಯಲ್ಲಿ ಕೇಳಿದ್ದೆನಾದ್ದರಿಂದ ಉತ್ತರಗಳನ್ನು ಒಟ್ಟುಗೂಡಿಸುವಂತೆಯೇ ಇರಲಿಲ್ಲ. ಪ್ರಶ್ನಾವಳಿಯನ್ನು ಕೇಳುವ ಭಾಷೆಯಲ್ಲೇ ಬರೆಯಬೇಕು. ಎರಡು ಭಾಷೆ ಬೇಕಾದರೆ ಎರಡರಲ್ಲೂ ಬರೆದು, ಬೇರೊಬ್ಬರಿಂದ ಹಿಂದಕ್ಕೆ ಅನುವಾದ ಮಾಡಿಸಿ ಅರ್ಥ ಜಾರಿದೆಯೇ ಎಂದು ನೋಡಿಕೊಳ್ಳಬೇಕು.

ಶಬ್ದಗಳನ್ನೂ ಅವರಿಂದಲೇ ಕಲಿಯಬೇಕು. ಹುಳು ಎಷ್ಟನೇ ಬಾರಿ ಪೊರೆ ಕಳಚಿದೆ ಎಂದು ಪಠ್ಯಪುಸ್ತಕದ ಮಾತಿನಲ್ಲಿ ಕೇಳಿದರೆ ರೈತ ನಿಮ್ಮ ಮುಖ ನೋಡುತ್ತಾನೆ, ‘ಎಷ್ಟನೇ ಜ್ವರ?’ ಎಂದು ಕೇಳಿದರೆ ತಕ್ಷಣ ಉತ್ತರ ಬರುತ್ತದೆ. ಆದಾಯ ಎಷ್ಟೆಂದು ನೇರವಾಗಿ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ‘ಕಳೆದ ಬೆಳೆಯಲ್ಲಿ ಎಷ್ಟು ಮೊಟ್ಟೆ ಮೇಯಿಸಿದಿರಿ, ನೂರು ಮೊಟ್ಟೆಗೆ ಎಷ್ಟು ಕೆ.ಜಿ. ಗೂಡು ಬಂತು, ಯಾವ ದರಕ್ಕೆ ಹೋಯಿತು’ ಎಂದು ಬಿಡಿಬಿಡಿಯಾಗಿ ಕೇಳಿದರೆ ಲೆಕ್ಕವನ್ನು ನೀವೇ ಹಾಕಿಕೊಳ್ಳಬಹುದು, ಅವರಿಗೂ ತಮ್ಮ ಕಸುಬಿನ ಬಗ್ಗೆ ಮಾತನಾಡಿದ ಸಮಾಧಾನವಿರುತ್ತದೆ. ಹುಳು ಹಣ್ಣಾಗಿ ಗೂಡು ಕಟ್ಟಲೆಂದು ಚಂದ್ರಿಕೆಯ ತಟ್ಟೆಗೆ ಬಿಡುವ ದಿನ ಮಾತ್ರ ಆ ಮನೆಗೆ ಹೋಗಬೇಡಿ. ಅಂದು ಅವರಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ.

ಪೂರ್ಣ ಸಮೀಕ್ಷೆಗೆ ಮೊದಲು ಐದಾರು ಮನೆಗಳಲ್ಲಿ ಪ್ರಶ್ನಾವಳಿಯನ್ನು ಪ್ರಯೋಗಿಸಿ, ತಡವರಿಸಿದ ಪ್ರಶ್ನೆಗಳನ್ನು ತಿದ್ದಿ, ಆ ಐದಾರು ಮನೆಗಳನ್ನು ಅಂತಿಮ ಲೆಕ್ಕದಿಂದ ಬಿಡಬೇಕು. ಎಷ್ಟು ಜನರನ್ನು ಕೇಳಬೇಕೆಂಬ ಪ್ರಶ್ನೆಗೆ ವರದಿಗಳಲ್ಲಿ 384 ಎಂಬ ಸಂಖ್ಯೆ ಮಂತ್ರದಂತೆ ಕಾಣಿಸಿಕೊಳ್ಳುತ್ತದೆ. ಸಮಷ್ಟಿ, ಅಂದರೆ ನೀವು ತಿಳಿಯಬಯಸುವ ಒಟ್ಟು ಜನರ ಸಂಖ್ಯೆ, ಬಹಳ ದೊಡ್ಡದಿದ್ದು, ಅವರಲ್ಲಿ ಕೇಳಬೇಕಾದವರ ಮಾದರಿಯನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆಯ್ದಾಗ, ಶೇ. 95ರ ವಿಶ್ವಾಸ ಮಟ್ಟದಲ್ಲಿ ಶೇ. 5ರ ತಪ್ಪಿನ ಅಂತರ ಸಾಕೆನಿಸಿದರೆ ಬರುವ ಸಂಖ್ಯೆ ಅದು. ವಾಟ್ಸಾಪ್ ಗುಂಪಿಗೆ ಗೂಗಲ್ ಫಾರ್ಮ್ ಕಳುಹಿಸಿ 384 ಸಹಪಾಠಿಗಳಿಂದ ತುಂಬಿಸಿಕೊಂಡರೆ ಆ ಸೂತ್ರ ನಿಮಗೆ ಅನ್ವಯಿಸುವುದಿಲ್ಲ. ಒಂದೇ ಊರಿನ ಮನೆಪಟ್ಟಿಯಿಂದ ಪ್ರತಿ ನಾಲ್ಕನೇ ಮನೆಯಂತೆ ಆಯ್ದ ಐವತ್ತು ಮನೆಗಳು ಆ ಊರಿನ ಬಗ್ಗೆ ಅದಕ್ಕಿಂತ ನಂಬಲರ್ಹ ಮಾತು ಹೇಳುತ್ತವೆ.

ಯಾರನ್ನು ಮಾತನಾಡಿಸಿದರೂ, ಇದು ಕಾಲೇಜಿನ ಅಧ್ಯಯನವೆಂದೂ, ಉತ್ತರಿಸಲು ಇಷ್ಟವಿಲ್ಲದಿದ್ದರೆ ಬಿಡಬಹುದೆಂದೂ, ಹೆಸರು ಬರೆಯುವುದಿಲ್ಲವೆಂದೂ ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಹದಿನೆಂಟು ತುಂಬದವರಾದರೆ ತಂದೆ ತಾಯಿಯ ಒಪ್ಪಿಗೆಯೂ ಬೇಕು. ಹಳ್ಳಿಯಲ್ಲಿ ಕಾಗದ ಹಿಡಿದು ಬಂದವರನ್ನು ಸರ್ಕಾರದ ಕಡೆಯವರೆಂದು ತಿಳಿದು, ‘ಮನೆ ಮಂಜೂರಾಗುತ್ತದಾ, ಸಾಲ ಕೊಡಿಸುತ್ತೀರಾ?’ ಎಂದು ಕೇಳುವುದುಂಟು. ಇಲ್ಲ ಎಂದು ಸ್ಪಷ್ಟವಾಗಿ ಹೇಳಿಬಿಡಿ, ಆಸೆ ಹುಟ್ಟಿಸಿ ಪಡೆದ ಉತ್ತರ ಬೇಡ.

ಅನುಮತಿಗಳು

ಪ್ರಾಂಶುಪಾಲರ ಸಹಿ ಮತ್ತು ಮೊಹರಿರುವ ಪರಿಚಯ ಪತ್ರದ ಹತ್ತು ಪ್ರತಿಗಳನ್ನು ಮೊದಲ ತಿಂಗಳಲ್ಲೇ ಮಾಡಿಸಿಟ್ಟುಕೊಳ್ಳಿ. ಎಪಿಎಂಸಿ ಕಾರ್ಯದರ್ಶಿ, ಗ್ರಾಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಶಾಲೆಯ ಮುಖ್ಯೋಪಾಧ್ಯಾಯರು ಎಲ್ಲರೂ ಮೊದಲು ಕೇಳುವುದು ಅದನ್ನೇ. ಕಚೇರಿಯ ದಾಖಲೆ ಬಾಯಿಮಾತಿಗೆ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದು 150 ಪದ ಮೀರಬಾರದು. ಉತ್ತರಕ್ಕೆ 30 ದಿನಗಳ ಕಾಲಾವಕಾಶ ಇರುವುದರಿಂದ ಹತ್ತನೇ ವಾರದಲ್ಲಿ ಅರ್ಜಿ ಹಾಕಿದವರಿಗೆ ಉತ್ತರ ಬರುವ ಹೊತ್ತಿಗೆ ವಿಶ್ಲೇಷಣೆ ಮುಗಿದು ಬರವಣಿಗೆ ಶುರುವಾಗಿರುತ್ತದೆ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶದಂಥ ಜಾಗಗಳಲ್ಲಿ ಅಧ್ಯಯನಕ್ಕೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತದೆ. ಕೆಜಿಎಫ್‌ನಲ್ಲಿ 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಉಳಿದ, ಚಿನ್ನ ತೆಗೆದು ಬಿಟ್ಟ ತ್ಯಾಜ್ಯದ ಸೈನೈಡ್ ದಿಬ್ಬಗಳ ಮಣ್ಣು ತರಲು ಒಬ್ಬೊಬ್ಬರೇ ಹೋಗುವ ಸಾಹಸ ಬೇಡ. ಗೈಡ್ ಮತ್ತು ಅನುಮತಿ ಎರಡೂ ಜೊತೆಗಿರಲಿ. ಅಲ್ಲಿ ಇನ್ನೂ ದೊಡ್ಡ ಸಂಪತ್ತೆಂದರೆ ನೆಲದಡಿ ಮೂರು ಕಿಲೋಮೀಟರಿಗೂ ಆಳದಲ್ಲಿ ದುಡಿದ ಹಿರಿಯರ ನೆನಪು. ಅವರ ಮಾತು ಹೆಚ್ಚಾಗಿ ತಮಿಳಿನಲ್ಲಿರುತ್ತದೆ; ಒಪ್ಪಿಗೆ ಪಡೆದು ಧ್ವನಿಮುದ್ರಿಸಿ, ಮೊದಲು ಅದೇ ಭಾಷೆಯಲ್ಲಿ ಬರೆದುಕೊಂಡು ಆಮೇಲೆ ಕನ್ನಡಕ್ಕೆ ತನ್ನಿ.

ಹಣದ ವಿಷಯ ಸಂಕ್ಷಿಪ್ತವಾಗಿ: ಎಂಜಿನಿಯರಿಂಗ್ ಕೊನೆಯ ವರ್ಷದವರಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿ ಯೋಜನೆಗಳಿಗೆ ನೆರವು ಕೊಡುತ್ತಿದೆ. ವಿಜ್ಞಾನದ ವಿದ್ಯಾರ್ಥಿಗಳು ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಎರಡು ತಿಂಗಳ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ಉಳಿದವರ ಖರ್ಚು ಬಸ್ಸು ಚಾರ್ಜು ಮತ್ತು ಝೆರಾಕ್ಸಿಗೆ ಸೀಮಿತವಾಗುವಂತೆ ಪ್ರಶ್ನೆಯನ್ನು ಆಯ್ದುಕೊಳ್ಳುವುದೇ ಜಾಣತನ.

ನೋಟುಪುಸ್ತಕ ಮತ್ತು ಲೆಕ್ಕ

ಪುಟ ಸಂಖ್ಯೆ ಹಾಕಿದ, ಹಾಳೆ ಕಿತ್ತರೆ ಗೊತ್ತಾಗುವಂಥ ಹೊಲಿದ ನೋಟುಪುಸ್ತಕ ಒಂದಿರಲಿ. ಹೋದ ದಿನ, ಊರು, ಸಿಕ್ಕವರು, ಸಿಗದವರು, ಹವಾಮಾನ, ಮನಸ್ಸಿಗೆ ಹೊಳೆದ ಅನುಮಾನ ಎಲ್ಲವನ್ನೂ ಅಂದೇ ಬರೆಯಬೇಕು. ಬೀಗ ಹಾಕಿದ ಮನೆಗಳನ್ನೂ ಲೆಕ್ಕದಲ್ಲಿ ಇಡಿ. ಐವತ್ತರಲ್ಲಿ ಹದಿನೈದು ಮನೆಯವರು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಸಿಗಲಿಲ್ಲವೆಂದರೆ ನಿಮ್ಮ ಉತ್ತರಗಳೆಲ್ಲ ಊರಲ್ಲೇ ಉಳಿದವರ ಉತ್ತರಗಳು ಎಂಬುದು ವರದಿಯಲ್ಲಿ ಬರಲೇಬೇಕಾದ ಮಾತು.

ವಿಶ್ಲೇಷಣೆಯಲ್ಲಿ ದೊಡ್ಡ ಸೂತ್ರಗಳಿಗೆ ಹೋಗುವ ಮುನ್ನ ಅಂಕಿಗಳನ್ನು ಒಮ್ಮೆ ಕಣ್ಣಲ್ಲಿ ನೋಡಿ. ಐದು ದಿನಗಳ ಬಾಕ್ಸ್ ಬೆಲೆ 200, 220, 210, 230, 900 ಎಂದಿಟ್ಟುಕೊಳ್ಳಿ. ಸರಾಸರಿ 352 ರೂಪಾಯಿ, ಆದರೆ ಆ ಬೆಲೆ ಯಾವ ದಿನವೂ ಯಾರಿಗೂ ಸಿಕ್ಕಿಲ್ಲ. ಬೆಲೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಮಧ್ಯಾಂಕ 220 ರೈತನ ಅನುಭವಕ್ಕೆ ಹತ್ತಿರವಾಗಿದೆ. 900 ಎಂಬುದು ನಿಜವಾದ ಬೆಲೆಯೋ ಬರೆಯುವಾಗ ಆದ ತಪ್ಪೋ ಎಂದು ನೋಟುಪುಸ್ತಕಕ್ಕೆ ಮರಳಿ ನೋಡಬೇಕು, ಸುಮ್ಮನೆ ಅಳಿಸಬಾರದು. ಹನ್ನೆರಡು ಜನರನ್ನು ಕೇಳಿ ‘ಶೇ. 33.33 ಜನರು’ ಎಂದು ಬರೆಯುವುದಕ್ಕಿಂತ ‘ಹನ್ನೆರಡರಲ್ಲಿ ನಾಲ್ವರು’ ಎನ್ನುವುದು ಪ್ರಾಮಾಣಿಕ. ಎರಡು ಸಂಗತಿಗಳು ಒಟ್ಟಿಗೆ ಏರಿದವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ: ಕೆರೆಗೆ ನೀರು ಬಂದ ವರ್ಷವೇ ಒಳ್ಳೆಯ ಮಳೆಯೂ ಆಗಿದ್ದರೆ ಕೊಳವೆಬಾವಿ ತುಂಬಿದ್ದು ಯಾವುದರಿಂದ ಎಂದು ಹೇಳಲು ಯೋಜನೆಯ ನೀರು ತಲುಪದ ಪಕ್ಕದೂರಿನ ಬಾವಿಗಳನ್ನೂ ನೋಡಬೇಕಾಗುತ್ತದೆ.

ಬರವಣಿಗೆ ಮತ್ತು ಮೌಖಿಕ ಪರೀಕ್ಷೆ

ವರದಿಯನ್ನು ಮೊದಲ ಅಧ್ಯಾಯದಿಂದ ಬರೆಯಲು ಕೂರಬೇಡಿ. ಏನು ಮಾಡಿದೆ, ಹೇಗೆ ಮಾಡಿದೆ ಎಂಬ ವಿಧಾನದ ಅಧ್ಯಾಯವನ್ನು ಕ್ಷೇತ್ರಕಾರ್ಯ ನಡೆಯುತ್ತಿರುವಾಗಲೇ ಬರೆದು, ಆಮೇಲೆ ಕಂಡದ್ದನ್ನು, ಕೊನೆಗೆ ಪ್ರಸ್ತಾವನೆಯನ್ನು ಬರೆದರೆ ಕೆಲಸ ಸರಾಗ. ‘ಭಾರತ ಹಳ್ಳಿಗಳ ದೇಶ’ ಎಂದು ಆರಂಭವಾಗುವ ಇಪ್ಪತ್ತು ಪುಟಗಳ ಪೀಠಿಕೆಯನ್ನು ಯಾವ ಪರೀಕ್ಷಕರೂ ಓದುವುದಿಲ್ಲ. ಕನ್ನಡದಲ್ಲಿ ಬರೆಯುವವರು ಯೂನಿಕೋಡ್‌ನಲ್ಲೇ ಬೆರಳಚ್ಚು ಮಾಡಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿದ ಕಡತ ಮುದ್ರಣದ ಅಂಗಡಿಯ ಕಂಪ್ಯೂಟರಿನಲ್ಲಿ ಗುರುತು ಸಿಗದ ಚಿಹ್ನೆಗಳಾಗಿ ತೆರೆದುಕೊಂಡು, ಒಪ್ಪಿಸುವ ಹಿಂದಿನ ರಾತ್ರಿ ಕಣ್ಣೀರಿಟ್ಟವರನ್ನು ನಾನು ಬಲ್ಲೆ. ಬೇರೆಯವರ ಮಾತನ್ನು ತೆಗೆದುಕೊಂಡಲ್ಲಿ ಅವರ ಹೆಸರು ಹೇಳಿ. ಯುಜಿಸಿ 2018ರಲ್ಲಿ ಹೊರಡಿಸಿದ ಕೃತಿಚೌರ್ಯ ತಡೆ ನಿಯಮಾವಳಿ ಶೇ. 10ರವರೆಗಿನ ಹೋಲಿಕೆಯನ್ನು ಮಾತ್ರ ದಂಡವಿಲ್ಲದೆ ಬಿಡುತ್ತದೆ. ನಿಮ್ಮ ಕಾಲೇಜು ತಂತ್ರಾಂಶದಲ್ಲಿ ಪರಿಶೀಲಿಸದಿದ್ದರೂ ಓದುವ ಕಣ್ಣಿಗೆ ಎರಡು ಬಗೆಯ ಭಾಷೆ ಗೊತ್ತಾಗಿಯೇ ಆಗುತ್ತದೆ.

ಮೌಖಿಕ ಪರೀಕ್ಷೆಗೆ ಬೈಂಡ್ ಮಾಡಿಸಿದ ವರದಿಯ ಜೊತೆ ಆ ನೋಟುಪುಸ್ತಕವನ್ನೂ ತೆಗೆದುಕೊಂಡು ಹೋಗಿ. ಪರೀಕ್ಷಕರು ಯಾವುದೋ ಅಂಕಿಯ ಮೇಲೆ ಬೆರಳಿಟ್ಟು ‘ಇದು ಎಲ್ಲಿಂದ ಬಂತು?’ ಎಂದಾಗ, ಮಣ್ಣು ಮೆತ್ತಿದ ಪುಟವನ್ನು ತಿರುಗಿಸಿ ಆ ದಿನದ ಬರಹ ತೋರಿಸಿದರೆ ಬೇರೆ ವಿವರಣೆ ಬೇಕಾಗುವುದಿಲ್ಲ. ಪರೀಕ್ಷೆ ಮುಗಿದ ವಾರದಲ್ಲೇ ಫಲಿತಾಂಶಗಳನ್ನು ಎರಡು ಪುಟದ ಕನ್ನಡ ಸಾರಾಂಶವಾಗಿ ಬರೆದು ನೀವು ಮಾತನಾಡಿಸಿದ ಊರಿನ ಪಂಚಾಯಿತಿಗೆ ತಲುಪಿಸಿ. ನೀರು ಪರೀಕ್ಷಿಸಿದವರು ಫ್ಲೋರೈಡ್ ಮಿತಿ ಮೀರಿದ ಬಾವಿಯ ಮಾಲೀಕರಿಗೆ ವರದಿಗೂ ಮುಂಚೆಯೇ ತಿಳಿಸಬೇಕು. ಹೆಸರುಗಳನ್ನು ತೆಗೆದುಹಾಕಿದ ಮೂಲ ಅಂಕಿಅಂಶಗಳ ಕಡತವನ್ನೂ ಖಾಲಿ ಪ್ರಶ್ನಾವಳಿಯ ಒಂದು ಪ್ರತಿಯನ್ನೂ ವಿಭಾಗದ ಗ್ರಂಥಾಲಯದಲ್ಲಿ ಇಡಿ. ಮುಂದಿನ ವರ್ಷ ಅದೇ ಕೆರೆಗೆ ಹೋಗುವ ಕಿರಿಯರು ಅದೇ ಬಾವಿಗಳ ನೀರನ್ನು ಅದೇ ತಿಂಗಳಲ್ಲಿ ಹಿಡಿದು ಹೋಲಿಸಲು ಅದು ಬೇಕಾಗುತ್ತದೆ.